ಹುಳದ ಮನೆ ಹೊಕ್ಕ ಭಾವ

ನಲವತ್ತೆಂಟನೇ ವಯಸ್ಸಿನಲ್ಲಿ ನಾನು ಪಕ್ಷಿವೀಕ್ಷಕನಾದೆ. ಇದಕ್ಕೆ ಬೇಕಾದದ್ದು ಬೈನಾಕ್ಯುಲರ್ ಮತ್ತು ತಾಳ್ಮೆ. ಬೈನಾಕ್ಯುಲರ್ ಕೊಂಡೆ. ತಾಳ್ಮೆ ಮದುವೆಯಾದಾಗಿನಿಂದ ಇತ್ತು.

ಚಳಿ ಮುಗಿದು ಹೊಂಗೆ ಚಿಗುರುವ ಈ ದಿನಗಳಲ್ಲಿ, ಒಂದು ಭಾನುವಾರ ಎಲ್ಲರೂ ತಾವು ಕಂಡ ಹಕ್ಕಿ, ಪತಂಗಗಳ ಪಟ್ಟಿ ಕಳಿಸಬೇಕೆಂದು ನಮ್ಮ ಪಕ್ಷಿವೀಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅಪ್ಪಣೆಯಾಯಿತು. ಗುತ್ತಲಿನ ನಮ್ಮ ಬೀದಿಯಲ್ಲಿ ಕಾಗೆ, ಪಾರಿವಾಳ ಬಿಟ್ಟರೆ ಗತಿಯಿಲ್ಲ. ಹೆಂಡತಿ ಜಯಲಕ್ಷ್ಮಿಯನ್ನು ಕರೆದುಕೊಂಡು ಶನಿವಾರವೇ ಮಳವಳ್ಳಿ ಹತ್ತಿರದ ಅವಳ ತವರಿಗೆ ಹೋದೆ.

ಅವಳ ತಮ್ಮ ಸಿದ್ದರಾಜು ರೇಷ್ಮೆ ಬೆಳೆಗಾರ. ಹಿಂದಿನ ಬೆಳೆ ರೋಗಕ್ಕೆ ಸಿಕ್ಕಿ ತಿಪ್ಪೆ ಸೇರಿತ್ತು. ಇದೂ ಕೈಕೊಟ್ಟರೆ ಹುಳ ಸಾಕುವುದನ್ನೇ ಬಿಡುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದ. ಹುಳದ ಮನೆ ಹತ್ತಿರ ಊದುಬತ್ತಿ, ಬೀಡಿ, ಸೆಂಟು ಯಾವುದೂ ಸುಳಿಯಬಾರದು ಎಂದೂ ಹೇಳಿದ. ನಾನು ಬೀಡಿ ಸೇದುವುದಿಲ್ಲ, ಸೆಂಟು ಹಾಕುವುದಿಲ್ಲ. ಈ ಮಾತು ನನಗಲ್ಲ ಎಂದು ತೀರ್ಮಾನಿಸಿ ಮುದ್ದೆ ನುಂಗಿದೆ.

ಬೆಳಗ್ಗೆ ಕೆರೆ ಏರಿಯ ಮರದಡಿ ಕೂತೆ. ಸೊಳ್ಳೆಗಳು ನನಗಿಂತ ಮೊದಲೇ ಬಂದಿದ್ದವು. ಸೊಳ್ಳೆ ಮುಲಾಮನ್ನು ಹಣೆಯಿಂದ ಹೆಬ್ಬೆರಳಿನವರೆಗೆ ಬಳಿದುಕೊಂಡೆ. ಎಂಟು ಗಂಟೆಗೆ ನನ್ನ ಪಟ್ಟಿಯಲ್ಲಿ ಮಡಿವಾಳ, ಗೊರವಂಕ, ಕಳ್ಳಿಪೀರ, ಕೆಂಬೂತ ಇದ್ದವು. ಪತಂಗ ಒಂದೂ ಇಲ್ಲ. ಅಷ್ಟರಲ್ಲಿ ಮದ್ದೂರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಬಚ್ಚಲ ಗೋಡೆಯ ಹನ್ನೊಂದು ಪತಂಗಗಳ ಫೋಟೊ ಗುಂಪಿಗೆ ಹಾಕಿದರು. ನನಗೆ ಹೊಟ್ಟೆ ಉರಿಯಿತು. ಆಗಲೇ ಹೊಳೆಯಿತು: ರೇಷ್ಮೆ ಹುಳವೂ ಕೊನೆಗೆ ಪತಂಗವೇ ತಾನೆ? ಸಿದ್ದರಾಜುವಿನ ಬಳಿ ಸಾವಿರಾರು ಹುಳ ಇರುವಾಗ ಒಂದಾದರೂ ಹಾರಾಡುತ್ತಿರಬೇಡವೇ?

ಪತಂಗ ಗೂಡು ತೂತು ಮಾಡಿದರೆ ನೂಲು ಹಾಳು, ಅದಕ್ಕೇ ಮೊದಲೇ ಗೂಡು ಮಾರಿಬಿಡುತ್ತಾರೆ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ರೇಷ್ಮೆ ಪಂಚೆ ಉಟ್ಟು ಆ ಮನೆಯ ಅಳಿಯನಾದ ನನಗೆ ಗೊತ್ತಿರಲಿಲ್ಲ.

ಸಿದ್ದರಾಜು ತೋಟಕ್ಕೆ ನೀರು ಕಟ್ಟಲು ಹೋಗಿದ್ದ. ಚಪ್ಪಲಿ ಬಿಟ್ಟು, ಬಹಳ ಶಿಸ್ತಿನಿಂದ ಹುಳದ ಮನೆಯೊಳಗೆ ಹೋದೆ. ಪತಂಗವಿರಲಿಲ್ಲ. ಹುಳಗಳೆಲ್ಲ ತಲೆ ಎತ್ತಿಕೊಂಡು ಹಾಗೇ ನಿಂತಿದ್ದವು. ಒಂದೂ ಅಲುಗದು, ಒಂದೂ ಸೊಪ್ಪು ಮುಟ್ಟದು. ಮೈಮೇಲೆಲ್ಲ ಬಿಳಿ ಪುಡಿ. ಆಗ ನನ್ನದೇ ಮುಲಾಮಿನ ವಾಸನೆ ನನ್ನ ಮೂಗಿಗೆ ಬಡಿಯಿತು. ಜೇಬಿನಿಂದ ಟ್ಯೂಬ್ ತೆಗೆದು ಓದಿದೆ: ಕೀಟಗಳನ್ನು ದೂರವಿಡುತ್ತದೆ. ದೂರ ಹೋಗಲಾರದ ಕೀಟಗಳ ಗತಿ ಏನೆಂದು ಬರೆದಿರಲಿಲ್ಲ!

ಓಡಿಹೋಗಿ ಪಂಪ್‌ಸೆಟ್ಟಿನ ನೀರಿಗೆ ತಲೆಕೊಟ್ಟು ಮೂರು ಸಲ ಸೋಪು ತಿಕ್ಕಿಕೊಂಡೆ. ಬಟ್ಟೆ ಒಗೆಯಲು ಬಂದ ಜಯಲಕ್ಷ್ಮಿ ವಿಷಯ ಕೇಳಿ ಬಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿದಳು. ಸುಮ್ಮನಿದ್ದುಬಿಡೋಣವೇ ಎಂದೆ.

"ನಮ್ ಸಿದ್ದ ಅದ್ನೈದು ದಿನದಿಂದ ಸರ್ಯಾಗಿ ಕಣ್ಣು ಮುಚ್ಚಿಲ್ಲ. ಓಗಿ ಏಳ್ಬುಡಿ" ಎಂದಳು.

ಅವನು ಬಂದು ಗುದ್ದಲಿ ಇಳಿಸುವ ಮೊದಲೇ ಎಲ್ಲವನ್ನೂ ಒದರಿದೆ. ಅವನು ಒಳಗೆ ಹೋಗಿ ನೋಡಿಕೊಂಡು ಬಂದ.

"ಬಾವ, ಅವು ನಾಕ್ನೇ ನಿದ್ದೇಲವೆ. ಪೊರೆ ಬುಡೋಗಂಟ ಮೇಯಾಕಿಲ್ಲ, ಮಿಸುಕಾಕಿಲ್ಲ. ಆ ಬಿಳೀದು ನಾನೇ ಉದುರ್ಸಿರೋ ಸುಣ್ಣ."

ಹೋದ ಜೀವ ಬಂತು. ಅವನ ಮುಖ ಮಾತ್ರ ಸಡಿಲವಾಗಲಿಲ್ಲ.

"ಆದ್ರೆ ಅದ್ನ ಬಳ್ಕೊಂಡು ಒಳೀಕೆ ಓಗಿದ್ದು ದಿಟವಾ?"

ದಿಟವಾಗಿತ್ತು. ನಾಳೆ ಹುಳ ಎದ್ದು ಮೇಯ್ದರೆ ಸರಿ ಎಂದ.

ಸೋಮವಾರ ರಜೆ ಹಾಕಿದೆ. ಹೆರಿಗೆ ವಾರ್ಡಿನ ಮುಂದೆ ಕೂತ ಗಂಡನ ಹಾಗೆ ಜಗಲಿಯ ಮೇಲೆ ಕೂತೆ. ತಲೆ ಮೇಲೆ ಯಾವ ಹಕ್ಕಿ ಹಾರಿತೋ ನೋಡಲಿಲ್ಲ. ಹನ್ನೊಂದು ಗಂಟೆಗೆ ಸಿದ್ದರಾಜು ಹೊರಗೆ ಬಂದು, ಎದ್ದಿವೆ, ಮೇಯುತ್ತಿವೆ ಎಂದ. ನನಗೆ ಕಣ್ಣಲ್ಲಿ ನೀರೇ ಬಂತು. ಖುಷಿಗೆ, ನಾನೂ ಒಮ್ಮೆ ನೋಡೋಣವೆಂದು ಬಾಗಿಲ ಕಡೆ ಹೆಜ್ಜೆ ಇಟ್ಟೆ. ಅಕ್ಕ ತಮ್ಮ ಇಬ್ಬರೂ ಅಡ್ಡ ನಿಂತರು.

"ನೊಣ ಬರ್ದಂಗೆ ಕಿಟ್ಕಿಗೆಲ್ಲ ಬಲೆ ಕಟ್ಟಿವ್ನಿ ಬಾವ. ನೀವು ಬರ್ದಂಗೆ ಏನ್ ಕಟ್ಲಿ?"

"ಬಾಗ್ಲಿಗೊಂದು ಚಿಲ್ಕ ಆಕ್ಸು ಕಣ್ಲಾ" ಎಂದಳು ಜಯಲಕ್ಷ್ಮಿ.

ಆ ವಾರವೇ ಹಾಕಿಸಿದ. ಹನ್ನೆರಡು ವರ್ಷ ಚಿಲಕವಿಲ್ಲದೆ ನಡೆದ ಹುಳದ ಮನೆ ಅದು. ಆ ಊರಿನಲ್ಲಿ ಕಳ್ಳರಿಲ್ಲ. ಅಳಿಯ ಇದ್ದಾನೆ.