ಹತ್ತು ಸಾವಿರ ಸಲ ತೆರೆದ ಬೀಗಗಳು

ಒದ್ದೆ ಹೊದಿಕೆಯ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಹಿಂಡುತ್ತಿರುವಾಗಲೇ ಬೀಗದ ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದ. ಪರೀಕ್ಷೆಯ ಯಂತ್ರ ಕೆಟ್ಟು ಕೂತಿದೆ. ಐದು ಸಾವಿರ ಬೀಗಗಳ ಲಾರಿ ಸಂಜೆ ನಾಲ್ಕಕ್ಕೆ ಹೊರಡಲೇಬೇಕು.

"ಯಂತ್ರ ಇಲ್ದಿದ್ರೆ ಏನಾಯ್ತು ಸಾರ್, ಕೈ ಇದೆಯಲ್ಲ. ಮನೆಗೇ ಕಳ್ಸಿ" ಅಂದಳು ಅಮ್ಮ. ಆಕೆ ಅಲ್ಲಿ ಗುಣಮಟ್ಟದ ಪರೀಕ್ಷಕಿ. ಕೆಲಸ ಕಾಯಂ ಆಗುವುದು ಈ ಪರೀಕ್ಷೆಯ ವರದಿಯ ಮೇಲೆ ನಿಂತಿತ್ತು.

ಐದು ಸಾವಿರದಲ್ಲಿ ಚೀಟಿ ಎತ್ತಿ ಆರಿಸಿದ ಇಪ್ಪತ್ತು ಬೀಗಗಳು ಬಂದವು. ಒಂದೊಂದನ್ನೂ ಐನೂರು ಸಲ ಹಾಕಿ ತೆಗೆಯಬೇಕು. ಒಂದು ಕೆಟ್ಟರೆ ಕ್ಷಮೆಯುಂಟು. ಎರಡು ಕೆಟ್ಟರೆ ಐದು ಸಾವಿರವೂ ವಾಪಸ್ಸು.

"ಅಷ್ಟಕ್ಕೆಲ್ಲ ಇಪ್ಪತ್ತೇ ನೋಡಿದ್ರೆ ಸಾಕೇನೇ?" ಅತ್ತೆಯ ಅನುಮಾನ.

"ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕಲ್ವಾ ಅತ್ತೆ?"

"ತಳ ಹಿಡಿದಿದ್ರೆ ಮೇಲಿನ ಅಗುಳು ಹೇಳುತ್ತಾ?"

ಅಮ್ಮ ಅತ್ತೆಯ ಕೈಗೊಂದು ಬೀಗ ಕೊಟ್ಟಳು. ಮಹಡಿಯ ನಿವೃತ್ತ ಡ್ರೈವರಣ್ಣ, ಪಕ್ಕದ ಮನೆಯ ಟೈಲರಕ್ಕ, ಮಗಳು ಎಲ್ಲ ಸುತ್ತ ಕೂತರು. ನಡುಮನೆ ಚಳಿಗೆ ಹಲ್ಲು ಕಟಕಟಿಸಿದಂತೆ ಸದ್ದು ಮಾಡತೊಡಗಿತು.

"ಮುನ್ನೂರ ಹದಿನೇಳು... ಅಂದ್ಹಾಗೆ ನಿನ್ನ ಯಜಮಾನ್ರು ಯಾವಾಗ ಬರ್ತಾರಮ್ಮ?" ಎಂದ ಡ್ರೈವರಣ್ಣ.

"ಎಣಿಕೆ ತಪ್ಪಿದ್ರೆ ಮತ್ತೆ ಒಂದರಿಂದ, ಅಣ್ಣ."

"ಘಾಟಿ ಹತ್ತಿದ ಮೇಲೆ ರಿವರ್ಸ್ ಗೇರಾ?" ಗೊಣಗುತ್ತಲೇ ಆತ ಒಂದರಿಂದ ಶುರುಮಾಡಿದ.

ಮಧ್ಯಾಹ್ನ ಊಟಕ್ಕೆ ಎದ್ದಾಗ ಆತನ ಜೋಮು ಹಿಡಿದ ಕಾಲು ಬೀಗದಕೈಗಳನ್ನು ಸಾಲಾಗಿ ಇಟ್ಟಿದ್ದ ತಟ್ಟೆಗೆ ತಾಗಿತು. ಇಪ್ಪತ್ತು ಬೀಗದಕೈಗಳೂ ನೆಲದ ಮೇಲೆ ಚೆಲ್ಲಾಪಿಲ್ಲಿ. ಅಮ್ಮ ಕಣ್ಣೊರೆಸಿಕೊಳ್ಳುತ್ತ ಅವನ್ನು ಬಾಚತೊಡಗಿದಳು. ಜೋಡಿ ಹುಡುಕುತ್ತ ಕೂತರೆ ಇವತ್ತಿಗೆ ಮುಗಿದಂತೆಯೇ.

"ಅಳ್ಬೇಡ, ಕೈಗೆ ಸಿಕ್ಕಿದ್ದು ಹಾಕ್ತಾ ಹೋಗೋಣ" ಎಂದು ಟೈಲರಕ್ಕ ಒಂದನ್ನು ತೂರಿಸಿ ತಿರುಗಿಸಿದಳು. ಬೀಗ ತೆರೆಯಿತು. ಇನ್ನೊಂದೂ ತೆರೆಯಿತು. ಇಪ್ಪತ್ತೂ ಮೊದಲ ಸಲಕ್ಕೇ ತೆರೆದವು. "ನೋಡ್ರೇ ನನ್ನ ಕೈಗುಣ!"

"ಅಮ್ಮಾ, ಒಂದು ಕೇಳ್ಲಾ?" ಎಂದಳು ಮಗಳು.

"ಆಮೇಲೆ ಕಂದಾ. ಈಗ ಎಣಿಸು."

ಮೂರೂಮುಕ್ಕಾಲಿಗೆ ಹತ್ತು ಸಾವಿರ ತಿರುವು ಮುಗಿಯಿತು. ಕೆಟ್ಟದ್ದು ಸೊನ್ನೆ. ಲಾರಿಯನ್ನು ಬಾಗಿಲಿಗೇ ತಂದಿದ್ದ ಮ್ಯಾನೇಜರ್ ಅಮ್ಮನ ಸಹಿ ಪಡೆದ. "ನಾಳೆಯಿಂದ ನೀವು ಕಾಯಂ. ಐದು ಸಾವಿರಕ್ಕೂ ನೀವೇ ಜವಾಬ್ದಾರಿ" ಎಂದು ನೀರು ಕುಡಿಯಲು ಒಳಗೆ ಕೂತ. ಲಾರಿ ಹೊರಟು ತಿರುವಿನಲ್ಲಿ ಮರೆಯಾಯಿತು.

ಅಮ್ಮ ಮಗಳನ್ನು ತೊಡೆಗೆಳೆದುಕೊಂಡು ತಲೆ ನೇವರಿಸಿದಳು. "ಈಗ ಕೇಳು ಬಂಗಾರಿ, ಏನದು?"

"ಕೀ ಎಲ್ಲ ಬೆರೆತುಹೋಗಿತ್ತಲ್ಲಮ್ಮ, ಯಾವ ಕೀ ಹಾಕಿದ್ರೂ ಎಲ್ಲಾ ಬೀಗಾನೂ ಹೇಗೆ ತೆಗೀತು?"