ಮೂರು ಸಲ ನೆಟ್ಟ ಸಸಿ

ಫೋಟೋ ತೆಗೆಯುವವನಿಗೆ ದೊಡ್ಡ ಅನುಕೂಲವೊಂದಿದೆ. ಊರಿನವರ ಬೋಳುತಲೆ, ಮೆಳ್ಳೆಗಣ್ಣು, ಮದುವೆ ದಿನದ ಮುನಿಸು ಎಲ್ಲವೂ ಅವನ ಪೆಟ್ಟಿಗೆಯಲ್ಲಿರುತ್ತವೆ. ಅವನ ಮುಖ ಮಾತ್ರ ಯಾವ ಫೋಟೋದಲ್ಲೂ ಇರುವುದಿಲ್ಲ. ಈ ಅನುಕೂಲದ ಮರೆಯಲ್ಲಿ ಕೊಪ್ಪದಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದ ನಾನು, ಅರವತ್ತು ದಾಟಿದ ಮೇಲೆ ಸಿಕ್ಕಿಬಿದ್ದೆ. ತಪ್ಪು ನನ್ನದೇ. ಹೇಳಿಬಿಟ್ಟರೆ ಹಗುರಾದೀತು.

ಬರೀ ಎಸ್ಸೆಸ್ಸೆಲ್ಸಿ ಓದಿದ ನನ್ನನ್ನು ಊರಿನ ಕಾಲೇಜಿನವರು ಫೋಟೋ ಪಾಠ ಮಾಡಲು ಕರೆದದ್ದು ಒಂದೇ ಒಂದು ಫೋಟೋ ನೋಡಿ. ಎಷ್ಟೋ ವರ್ಷಗಳ ಹಿಂದೆ ಮುತ್ತಿನಕೊಪ್ಪದ ಹೆಂಗಸರು ರಸ್ತೆಯ ಗುಂಡಿಗಳಲ್ಲಿ ಬತ್ತದ ಸಸಿ ನೆಟ್ಟು ಪ್ರತಿಭಟಿಸಿದ ಚಿತ್ರ ಅದು. ಮುಂದಿದ್ದ ಒಬ್ಬರು ಕೈಯಲ್ಲಿ ಸಸಿ ಹಿಡಿದು ಕೆಂಡದಂಥ ಕಣ್ಣು ಬಿಟ್ಟಿದ್ದರು. ಪತ್ರಿಕೆಯಲ್ಲಿ ಫೋಟೋ ಬಂತು, ಹಿಂದೆಯೇ ರಸ್ತೆಗೆ ಜಲ್ಲಿಯೂ ಬಂತು. "ಆ ಸಿಟ್ಟನ್ನು ಕ್ಯಾಮೆರಾದಲ್ಲಿ ಹಿಡಿದವರು ನೀವು. ನೀವೇ ಬರಬೇಕು" ಎಂದರು ಪ್ರಿನ್ಸಿಪಾಲರು. ನಾನು ಹೊಸ ಷರಟು ಹೊಲಿಸಿದೆ.

ಪತ್ರಿಕೋದ್ಯಮ ಓದುವ ಹದಿನಾಲ್ಕು ಮಕ್ಕಳು, ಎಲ್ಲರಿಗೂ ಸೇರಿ ಒಂದು ಡಿಜಿಟಲ್ ಕ್ಯಾಮೆರಾ. ರೀಲಿನ ಕಾಲದ ನನಗೆ ಅದರಲ್ಲಿ ಯಾವ ಬಟನ್ ಒತ್ತಬೇಕೆಂದು ಅವರೇ ಕಲಿಸಿದರು. ನಾನು ಬೆಳಕು ನೆರಳು ಕಲಿಸಿದೆ. ಮದುವೆ ಫೋಟೋಗೂ ಸುದ್ದಿ ಫೋಟೋಗೂ ಇರುವ ವ್ಯತ್ಯಾಸಕ್ಕೆ ಬಂದಾಗ ಮಾತ್ರ ನನಗೆ ಉಮೇದು ಹತ್ತಿತು. ಶೃಂಗೇರಿಯ ಮದುವೆಯೊಂದರಲ್ಲಿ ನಾನು ಮೂರನೇ ಸಲ ಮಾಲೆ ಹಾಕಿಸಿದ್ದಕ್ಕೆ ಪುರೋಹಿತರು, "ಒಬ್ಬನಿಗೆ ಎಷ್ಟು ಮದುವೆ ಮಾಡ್ಸ್ತೀಯ ಮಾರಾಯ?" ಎಂದು ರೇಗಿದ್ದನ್ನು ಹೇಳಿ ನಗಿಸಿದೆ. ಆಮೇಲೆ ಗಂಭೀರನಾಗಿ, "ಸುದ್ದೀಲಿ ಮಾತ್ರ ಯಾರ ಕೈಲೂ ಏನೂ ಮಾಡಿಸಬಾರದು. ಪಾಪ ಅದು!" ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಯಾವುದಾದರೂ ಹಳೇ ಸುದ್ದಿ ಫೋಟೋದಲ್ಲಿ ಇರೋರನ್ನೇ ಹುಡುಕಿ, ಅವತ್ತು ಏನಾಯ್ತು ಅಂತ ಕೇಳಿ ಬರ್ಕೊಂಡು ಬನ್ನಿ" ಎಂದೂ ಹೇಳಿದೆ.

ಮುಂದಿನ ವಾರ ಸುಷ್ಮಾ ಎಂಬ ಹುಡುಗಿ ಎದ್ದು ನಿಂತಳು. "ಸರ್, ನಾನು ನಿಮ್ಮ ಫೋಟೋನೇ ಆರಿಸಿದ್ದು. ಮುಂದೆ ಇರೋದು ನಮ್ಮಜ್ಜಿ. ಅಜ್ಜಿ ಹೇಳಿದ್ದು ಓದ್ಲಾ?"

ಓದು ಎಂದು ತಲೆಯಾಡಿಸಿದೆ.

"'ನಾವು ನೆಟ್ಟು, ಕೈ ತೊಳ್ಕೊಂಡ ಮೇಲೆ ಫೋಟೋದವ ಬಸ್ಸಿಳಿದ. ಕಿತ್ತು ಇನ್ನೊಂದ್ಸಲ ನೆಡಿ ಅಂದ. ನೆಟ್ವಿ. ಅಯ್ಯೋ, ರೀಲು ಹಾಕೋದೇ ಮರ್ತಿದ್ದೆ ಅಂದ. ಮೂರನೇ ಸಲ ನೆಡ್ತಿದ್ರೆ, ನಗಬೇಡಿ, ಸ್ವಲ್ಪ ಸಿಟ್ಟು ಮಾಡ್ಕಳಿ ಅಂದ! ಎಂತ ಹೇಳ್ಲಿ ಮಾರಾಯ್ತಿ, ಗದ್ದೇಲೂ ನಾನು ಅಷ್ಟು ಬಗ್ಗಿದ್ದಿಲ್ಲ.'"

"ನಿಜವಾ ಸರ್?" ಹದಿನಾಲ್ಕು ಜೊತೆ ಕಣ್ಣು ನನ್ನ ಮೇಲೆ. ಅಜ್ಜಿಗೆ ವಯಸ್ಸಾಯಿತು, ನೆನಪು ತಪ್ಪಿದೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಅದು ಆ ಹುಡುಗಿ ಬರೆದ ಮೊದಲ ವರದಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳೆಲ್ಲ ನನ್ನ ಫೋಟೋದಲ್ಲಿತ್ತು.

"ನಿಜ," ಎಂದೆ. "ಕಿತ್ತು ಮತ್ತೆರಡು ಸಲ ನೆಡಿಸಿದ್ದು ನಾನೇ. ತಪ್ಪಾಯ್ತು."

"ಇನ್ನೊಂದು ಸಾಲಿದೆ ಸರ್," ಎಂದಳು ಸುಷ್ಮಾ. "ಅಜ್ಜಿ ಸಿಟ್ಟು ರಸ್ತೆ ಮೇಲೆ ಅಲ್ವಂತೆ, ನಿಮ್ಮ ಮೇಲಂತೆ. ಹಂಗಾಗಿ ಆ ಸಿಟ್ಟೊಂದು ಅಸಲಿ ಸರ್!"

ತರಗತಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕ್ಲಿಕ್ಕಿಸಿದರು. ಕ್ಯಾಮೆರಾ ಕೈಯಿಂದ ಕೈಗೆ ದಾಟಿ ನನ್ನ ಬಳಿ ಬಂತು. ಅದರ ಪುಟ್ಟ ಪರದೆಯಲ್ಲಿ ನಾನು! "ಯಾರೂ ಹೇಳಿ ಮಾಡಿಸಿದ್ದಲ್ಲ ಸರ್, ನೀವು ಕಲಿಸಿದ ಹಾಗೇ ತೆಗ್ದಿದ್ದು," ಎಂದರು ಮಕ್ಕಳು. ಪಾಠ ತಲೆಗೆ ಹತ್ತಿದೆಯಲ್ಲ ಎಂದು ಎದೆ ಉಬ್ಬಿತು.

ಮತ್ತೊಮ್ಮೆ ನೋಡಿದೆ. ಕಣ್ಣು ಮುಚ್ಚಿಹೋಗಿತ್ತು. ಹೊಸ ಷರಟಿನ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಬೆಳಕೂ ಸಾಲದು.

"ಸುಷ್ಮಾ," ಎಂದೆ, "ಆ ವರದಿ ಇನ್ನೊಂದ್ಸಲ ಓದಮ್ಮ. ಈ ಸಲ ಕಿಟಕಿ ಕಡೆ ತಿರುಗಿ ತಪ್ಪೊಪ್ಕೊಳ್ತೀನಿ."