ತಟ್ಟೆ ಸ್ಟ್ಯಾಂಡಿನಲ್ಲಿ ಸಾವಿರ ಸದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಕಪ್ಪು ಡಬ್ಬಿ ಪರೀಕ್ಷೆಯಲ್ಲಿ ಪಾಸಾದದ್ದು ನಕಲು ಹೊಡೆದು. ನಕಲು ಮಾಡಿಸಿದವನು ನಾನೇ. ಎಲ್ಲರೂ ಚೀಟಿಯಲ್ಲಿ ಬರೆದು ಕೊಡುತ್ತಾರೆ, ನಾನು ಬಾಯಲ್ಲಿ ಕೊಟ್ಟೆ. ಅದರಿಂದ ಮೊಳಕಾಲ್ಮುರಿನ ಒಂದು ಮದುವೆಯ ಮೆರವಣಿಗೆ ನಡುರಸ್ತೆಯಲ್ಲಿ, ಒಂದು ಕಾಲು ಎತ್ತಿಕೊಂಡು ನಿಂತುಬಿಟ್ಟಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪರೀಕ್ಷೆ ನಡೆಸಿದವರ ಪರಿಚಯವಾಗಲಿ.

ಅವರು ನಮ್ಮ ಮಾವ, ನಮ್ಮವ್ವನ ತಮ್ಮ. ಸಾಕ್ಷಾತ್ ದೇವರೇ ಎದುರಿಗೆ ಬಂದು ನಿಂತರೂ ನಮ್ಮ ಮಾವ ವರ ಕೇಳುವ ಪೈಕಿಯಲ್ಲ. "ಸ್ವಲ್ಪ ಬಿಸಿಲಿಗೆ ಬಾರಪ್ಪ, ಬಣ್ಣ ಬಿಡ್ತೀಯೇನೋ ನೋಡ್ತೀನಿ" ಅನ್ನುವ ಪೈಕಿ. ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳುವವರು ನಾಲ್ಕು ಮೂಲೆ ಹಿಡಿದು ಮಧ್ಯೆ ನೀರು ಸುರಿದು ನೋಡುತ್ತಾರೆ. ನೀರು ಸೋರದಿದ್ದರೆ ನೇಯ್ಗೆ ಗಟ್ಟಿ ಎಂದು ಲೆಕ್ಕ. ಇದು ಎಲ್ಲರೂ ಒಪ್ಪಿದ ಪದ್ಧತಿ. ಮಾವ ಅದನ್ನು ಚಪ್ಪಲಿಗೆ ವಿಸ್ತರಿಸಿದರು. ಗೋಡೆ ಗಡಿಯಾರಕ್ಕೆ ವಿಸ್ತರಿಸಿದರು. ಕೊನೆಗೆ ಹೊಸ ಮೊಬೈಲಿಗೂ ವಿಸ್ತರಿಸಿದರು. ಮೊಬೈಲು ಫೇಲಾಯಿತು.

ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಮಾರ್ಕ್ಸು. ಮೂವತ್ತೈದು ಬಂದರೆ ಪಾಸು. ಅದಕ್ಕಾಗಿ ಒಂದು ಉದ್ದನೆಯ ನೋಟ್‌ಬುಕ್ಕು. ಅದರಲ್ಲಿ ನನ್ನ ಹೆಸರೂ ಇದೆ. ನನಗೆ ಮೂವತ್ತಮೂರು ಕೊಟ್ಟು, ಎರಡು ಗ್ರೇಸ್ ಮಾರ್ಕ್ಸು ಹಾಕಿ ತಮ್ಮ ವಾದ್ಯದ ಸೆಟ್ಟಿಗೆ ಸೇರಿಸಿಕೊಂಡಿದ್ದಾರೆ. ನಮ್ಮ ಅತ್ತೆಯ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ.

"ನನ್ನ ನೋಡಾಕೆ ಬಂದಾಗ ನನ್ನ ಬಿಟ್ಟು ಬಾಗಿಲು, ಚಿಲಕ, ಎಮ್ಮೆ ಎಲ್ಲಾ ನೋಡಿದ್ರು ನಿಮ್ಮ ಮಾವ. ನಂಗೆಷ್ಟು ಹಾಕಿದೀರಿ ಅಂತ ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ" ಎಂದು ಅತ್ತೆ ಒಗ್ಗರಣೆ ಹಾಕುತ್ತಾ ಹೇಳಿದರೆ, ಮಾವ ತಲೆ ಎತ್ತದೆ, "ಇನ್ನೂ ಪೇಪರ್ ತಿದ್ತಾ ಇದೀನಿ ಕಣೇ" ಅನ್ನುತ್ತಾರೆ.

ನಮ್ಮದು ಮದುವೆ ಮೆರವಣಿಗೆಯ ಸೆಟ್ಟು. ಲಗೇಜ್ ಆಟೋದ ಮೇಲೆ ಎರಡು ಆಳೆತ್ತರದ ಸ್ಪೀಕರು, ಒಂದು ಕೆಮ್ಮುವ ಜನರೇಟರು, ಮಾವ ಮತ್ತು ಅವರ ಕೀಬೋರ್ಡು. ಒಂದು ಹಾಡಿನಿಂದ ಇನ್ನೊಂದು ಹಾಡಿಗೆ ಹೋಗುವಾಗಿನ ಸಂದಿಯಲ್ಲಿ ನಾನು. ಬಸ್ ಕಂಡಕ್ಟರು, ಗಣಿತದ ಮೇಷ್ಟ್ರು, ಗಾಳಿ ಎಳೆದ ಮೋಟಾರು, ಮರಿ ಕಳೆದುಕೊಂಡ ಆಡು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಆಟೋದ ಮುಂದೆ ನಡೆಯುವವನು ಓಬಯ್ಯ. ಮೊಳಕಾಲ್ಮುರು ದಾಟಿ ರಾಂಪುರದ ಕಡೆಯ ಒಂದು ಹಟ್ಟಿಯವನು. ಅರವತ್ತು ದಾಟಿದ ಕುರಿಗಾಹಿ, ಕೊರಳಲ್ಲಿ ಉರುಮೆ.

ಉರುಮೆಗೆ ಎರಡು ಮುಖ. ಒಂದನ್ನು ಬಡಿಯಬೇಕು, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜಬೇಕು. ಉಜ್ಜಿದಾಗ 'ಗುಂಯ್' ಎಂದು ಒಂದು ಸದ್ದು ಬರುತ್ತದಲ್ಲ, ಅದು ಕಿವಿಗೆ ಕೇಳಿಸುವುದಕ್ಕಿಂತ ಮೊದಲು ಹೊಟ್ಟೆಗೆ ಕೇಳಿಸುತ್ತದೆ. ನಾವು ಹೋಗುವ ಹಟ್ಟಿಗಳಲ್ಲಿ ಒಂದು ಕಟ್ಟುಪಾಡು. ಸ್ಪೀಕರು ಗುಡ್ಡದಷ್ಟಿರಲಿ, ಉರುಮೆ ಗುಂಯ್ ಅನ್ನದೆ ಹಿರಿಯರು ಹೆಜ್ಜೆ ಎತ್ತುವುದಿಲ್ಲ. ಹಿರಿಯರು ಎತ್ತದೆ ಹುಡುಗರು ಕುಣಿಯುವಂತಿಲ್ಲ. ಆಮೇಲೆ ಬೇಕಾದರೆ ಲಂಡನ್ನಿನ ಹಾಡಿಗೂ ಕುಣಿಯುತ್ತಾರೆ, ಅದು ಬೇರೆ ಮಾತು.

ಈ ವರ್ಷ ಓಬಯ್ಯನ ಬಲಭುಜ ಕೈಕೊಟ್ಟಿತು. ಆತ ಯಾರಿಗೂ ಹೇಳಲಿಲ್ಲ. ಆದರೆ ಅಂಗಿ ತೊಡುವಾಗ ಒಂದು ತೋಳು ತೂರಿಸಿ, ಇನ್ನೊಂದಕ್ಕೆ ಗೋಡೆಯ ಸಹಾಯ ತೆಗೆದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೆವು. ಮಾವನೂ ಕಂಡರು. ಕಂಡ ವಾರದಲ್ಲೇ ಬಳ್ಳಾರಿಗೆ ಹೋಗಿ, ಯಾರೋ ಮುಚ್ಚಿದ್ದ ಸ್ಟುಡಿಯೋದಿಂದ ಆ ಡಬ್ಬಿ ತಂದರು. "ಎಂಟು ದಿನ ಇಟ್ಕಂಡು ನೋಡ್ರಿ, ಬ್ಯಾಡ ಅನಿಸಿದ್ರೆ ವಾಪಸ್ ತನ್ರಿ" ಅಂದಿದ್ದನಂತೆ ಮಾಲೀಕ. ಎಂಟು ದಿನ ಪರೀಕ್ಷೆ ಮಾಡಬಹುದು ಎಂದು ನಮ್ಮ ಮಾವನಿಗೆ ಹೇಳುವುದೂ, ಇರುವೆಗೆ ಸಕ್ಕರೆ ಗೋದಾಮಿನ ಬೀಗದ ಕೈ ಕೊಡುವುದೂ ಒಂದೇ.

"ಇದ್ರಾಗೆ ಸಾವಿರದ ಮೇಲೆ ಸದ್ದು ಐತಂತೆ. ಉರುಮೆ ಇರದೆ ಎಲ್ಲಿಗೋಗುತ್ತೆ?" ಅಂದರು ಮಾವ.

ಓಬಯ್ಯನನ್ನು ಕತ್ತು ಹಿಡಿದು ನೂಕುವ ಏರ್ಪಾಡು ಇದು ಎಂದು ನನಗೆ ಅನಿಸಿತು. ಮಾವನನ್ನು ಕೇಳುವ ಧೈರ್ಯವಾಗಲಿಲ್ಲ. ಎರಡು ಗ್ರೇಸ್ ಮಾರ್ಕ್ಸಿನವನಿಗೆ ಎಷ್ಟು ಧೈರ್ಯ ಇದ್ದೀತು ಹೇಳಿ?

ಡಬ್ಬಿ ಎಂದರೆ ಚಪ್ಪಟೆಯಾದ, ಕಪ್ಪಗಿನ, ಮೊಳದುದ್ದದ ತಗಡಿನ ಪೆಟ್ಟಿಗೆ. ಮುಂದೆ ಒಂದು ತಿರುಗಣಿ, ಹಸಿರು ಅಕ್ಷರ ಮೂಡುವ ಪುಟ್ಟ ಕಿಟಕಿ. ಅಕ್ಕಪಕ್ಕ ತೂತು ಬಿದ್ದ ಎರಡು ಕಿವಿ. ಆ ಕಿವಿ ಹಿಡಿದು ಕಬ್ಬಿಣದ ಚೌಕಟ್ಟಿಗೆ ತಿರುಪು ಹಾಕಿ ನಿಲ್ಲಿಸಬೇಕಂತೆ. ಅಂಥ ಚೌಕಟ್ಟು ಚಳ್ಳಕೆರೆಯಲ್ಲಿ ಎಲ್ಲಿ ಸಿಗಬೇಕು? ಮಾವ ಟೇಪು ಹಿಡಿದು ಮನೆಯೆಲ್ಲ ಅಳೆದರು. ದೇವರ ಗೂಡು ಅಳೆದರು, ತೊಟ್ಟಿಲು ಅಳೆದರು. ಕೊನೆಗೆ ಅಡುಗೆಮನೆಯಲ್ಲಿ ಅತ್ತೆಯ ತಟ್ಟೆ ಸ್ಟ್ಯಾಂಡು ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿಕೊಂಡಿತು. ಜಾಗ ಹೋದ ತಟ್ಟೆಗಳನ್ನು ಅತ್ತೆ ಸಿಟ್ಟಿನಿಂದ ಅಟ್ಟಕ್ಕೆ ಏರಿಸಿದರು, ಅಂದಿನಿಂದ ನಮಗೆ ಊಟ ಪಾತ್ರೆಯ ಮುಚ್ಚಳಗಳಲ್ಲಿ. ಹಿಡಿಕೆ ಕೆಳಗೆ ಬರುವುದರಿಂದ ಮುಚ್ಚಳ ಬುಗುರಿಯಂತೆ ತಿರುಗುತ್ತದೆ, ಸಾರು ಪಕ್ಕದವನ ಕಡೆಗೆ ಹೋಗುತ್ತದೆ.

"ಇದಕ್ಕೆ ಎಷ್ಟು ಮಾರ್ಕ್ಸ್ ಹಾಕ್ತೀರಿ?" ಎಂದು ಅತ್ತೆ ಸಾರು ಬಡಿಸುತ್ತಾ ಕೇಳಿದರು.

"ಸಾರಿಗಾ, ಮುಚ್ಚಳಕ್ಕಾ?" ಅಂದರು ಮಾವ. ಆ ದಿನ ಅವರಿಗೆ ಎರಡನೇ ಸಲ ಸಾರು ಬೀಳಲಿಲ್ಲ.

ಮೊದಲ ದಿನ ಡಬ್ಬಿ ಬಾಯಿ ಬಿಡಲಿಲ್ಲ. ಮಾವ ತಟ್ಟಿದರು, ಊದಿದರು, ಕಿವಿ ಇಟ್ಟು ಕೇಳಿದರು. "ಮೂಗ ಮಾಡಿ ಕಳಿಸ್ಯಾನಲೇ" ಎಂದು ಮಾಲೀಕನಿಗೆ ಶಾಪ ಹಾಕಿದರು. ಆಮೇಲೆ ತಿಳಿಯಿತು, ಅದಕ್ಕೆ ತನ್ನದೇ ಕೀಲಿಗಳ ಸಾಲು ಇಲ್ಲ. ಕೀಬೋರ್ಡಿನಿಂದ ಒಂದು ದಪ್ಪ ತಂತಿ ಎಳೆದು ಚುಚ್ಚಬೇಕು. ಅಲ್ಲಿ ಬೆರಳಿಟ್ಟರೆ ಇಲ್ಲಿ ಸದ್ದು. ಅದೂ ನೇರವಾಗಿ ಬರುವುದಿಲ್ಲ, ಸ್ಪೀಕರಿಗೆ ಇನ್ನೊಂದು ತಂತಿ. ಬರೀ ಗಂಟಲು ಮಾತ್ರ ಇರುವ ಪ್ರಾಣಿ. ನನಗೆ ಅದರ ಮೇಲೆ ಒಂದು ಬಗೆಯ ಜಾತಿಪ್ರೀತಿ ಹುಟ್ಟಿತು.

ಎರಡನೆಯ ದಿನದಿಂದ ಸದ್ದುಗಳ ಸರದಿ. ಮಾವನ ಕ್ರಮವೇ ಬೇರೆ. ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕೂರುತ್ತಾರೆ. ನಾನು ಅವರ ಬೆನ್ನ ಹಿಂದೆ ತಿರುಗಣಿ ತಿರುಗಿಸಿ ಕೀಲಿ ಒತ್ತಬೇಕು. "ಮುಖ ನೋಡಿ ಮಾರ್ಕ್ಸ್ ಹಾಕಿದ್ರೆ ಪಕ್ಷಪಾತ ಆಗುತ್ತೆ ಕಣಲೇ." ಕುಣಿತದ ಸದ್ದುಗಳೆಂದೇ ಒಂದು ದೊಡ್ಡ ಗುಂಪಿತ್ತು. ಒಂದೊಂದಕ್ಕೂ ಗೋಡೆಯ ಕಡೆಯಿಂದ ತೀರ್ಪು ಬರುತ್ತಿತ್ತು. "ಇದು ಎಣ್ಣೆ ಮಿಲ್ಲು, ಬೆಲ್ಟು ಸಡ್ಲ ಆಗೈತೆ. ಇಪ್ಪತ್ತು." "ಇದು ಬಸ್ ಸ್ಟ್ಯಾಂಡಾಗೆ ಬಸ್ಸು ಹಿಂದಕ್ಕೆ ಬರೋದು. ಜನ ಕುಣಿಯಲ್ಲ, ಪಕ್ಕಕ್ಕೆ ಸರೀತಾರೆ. ಹತ್ತು." ನೆಲದಿಂದ ಆಕಾಶಕ್ಕೆ ಏರುತ್ತಲೇ ಹೋಗುವ ಒಂದು ಸದ್ದು ಕೇಳಿ ಮಾವ ಬಗ್ಗಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಇದು ವರವು ಕಾವಲಿನ ಡ್ರೋನ್ ಪರೀಕ್ಷೆಯವರು ಹಾರಿಸಿದ್ದು. ಎಲ್ಲಿ ಬೀಳುತ್ತೆ ಅಂತ ಗೊತ್ತಾಗೋವರ್ಗೂ ಮಾರ್ಕ್ಸಿಲ್ಲ."

ಐದನೆಯ ದಿನ ಕುರಿ ಪರೀಕ್ಷೆ. ನಗಬೇಡಿ, ಇದಕ್ಕೆ ಕಾರಣವಿದೆ. ನಮ್ಮ ಕಡೆ ಮೆರವಣಿಗೆ ಹೋಗುವ ದಾರಿ, ಮಂದೆ ಹೋಗುವ ದಾರಿ ಎರಡೂ ಒಂದೇ. ಸದ್ದಿಗೆ ಕುರಿ ಚದುರಿದರೆ ಮದುವೆ ಮನೆಯವರೂ ಕುರಿಯವರೂ ಕೈ ಕೈ ಮಿಲಾಯಿಸುವುದು ಖಚಿತ. ತಟ್ಟೆ ಸ್ಟ್ಯಾಂಡಿನ ಸಮೇತ ಆಟೋದಲ್ಲಿ ಊರಾಚೆಗೆ ಹೋಗಿ ಒಂದು ಮಂದೆಯ ಎದುರು ನಿಲ್ಲಿಸಿದೆವು. ಮಿಲ್ಲು ಬಂತು, ಬಸ್ಸು ಬಂತು, ಆಕಾಶಕ್ಕೆ ಹಾರುವುದೂ ಬಂತು. ಕುರಿಗಳು ಮೇಯುತ್ತಲೇ ಇದ್ದವು. ಮಾವ ಖುಷಿಯಿಂದ ಬರೆಯುತ್ತಿದ್ದರು. ಅಷ್ಟರಲ್ಲಿ ನಾನು ತಿರುಗಿಸಿದ ಇನ್ನೊಂದು ಸದ್ದು ಥೇಟು ಬೋರಿನ ಮೋಟಾರು. ಇಡೀ ಮಂದೆ ಒಮ್ಮೆಲೇ ಕತ್ತೆತ್ತಿ, ಅರ್ಧ ಮೈಲಿ ದೂರದ ನೀರಿನ ತೊಟ್ಟಿಗೆ ಓಡಿತು. ತೊಟ್ಟಿ ಒಣಗಿತ್ತು. ಹೋದಷ್ಟೇ ಶಿಸ್ತಿನಿಂದ ವಾಪಸ್ಸು ಬಂದು ಆಟೋ ಸುತ್ತ ನಿಂತು ಮಾವನನ್ನೇ ನೋಡತೊಡಗಿತು.

ಕುರಿಯವನು ಕಂಬಳಿ ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಬಂದ. "ಡಬ್ಬಿಗೆ ಎಷ್ಟಾದ್ರೂ ಮಾರ್ಕ್ಸ್ ಹಾಕ್ಕಳ್ರಿ ಸ್ವಾಮಿ. ಈಗ ಇವಕ್ಕೆ ನೀರು ತೋರಿಸ್ರಿ."

ಆವತ್ತು ಮಧ್ಯಾಹ್ನವೆಲ್ಲ ನಾವಿಬ್ಬರೂ ಕೊಡದಲ್ಲಿ ನೀರು ಹೊತ್ತೆವು.

ಏಳನೆಯ ದಿನ ಕೊನೆಯ ಪರೀಕ್ಷೆ, ಉರುಮೆ. ಮಾರನೆಯ ದಿನ ಡಬ್ಬಿ ಇಟ್ಟುಕೊಳ್ಳುವುದೋ ಬಿಡುವುದೋ ಹೇಳಬೇಕು, ಅದರ ಮಾರನೆಯ ದಿನ ಮೊಳಕಾಲ್ಮುರಿನಲ್ಲಿ ಮದುವೆ. ಮಾವ ಗೋಡೆಗೆ ಮುಖ ಮಾಡಿ ಕೂತರು. ನಾನು ತಿರುಗಣಿ ತಿರುಗಿಸಿದೆ, ತಿರುಗಿಸಿದೆ, ತಿರುಗಿಸುತ್ತಲೇ ಇದ್ದೆ. ತಬಲಾ ಇತ್ತು, ಜಪಾನಿನ ನಗಾರಿ ಇತ್ತು, ಹೆಲಿಕಾಪ್ಟರೂ ಇತ್ತು. ಉರುಮೆ ಇರಲಿಲ್ಲ. ಹೊರಗಿನ ಸದ್ದು ತುಂಬಿಕೊಳ್ಳುವ ಶಕ್ತಿ ಆ ಹಳೆಯ ಡಬ್ಬಿಗಿಲ್ಲ. ಅದರಲ್ಲಿ ಏನಿದೆಯೋ ಅಷ್ಟೇ.

"ಬಂತೇನಲೇ?" ಅಂದರು ಮಾವ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇರ್ಬೇಕಲೇ, ಸರಿಯಾಗಿ ನೋಡು." ಮೂರನೆಯ ಸಲ ಕೇಳಿದಾಗ ಅವರ ಬೆನ್ನು ಬಾಗಿತ್ತು. ಅಷ್ಟು ಹೊತ್ತು ತಪ್ಪು ಹುಡುಕುತ್ತಿದ್ದ ಮನುಷ್ಯ ಈಗ ಪಾಸು ಮಾಡಲು ಹಾತೊರೆಯುತ್ತಿದ್ದರು. ನನಗೆ ಮರುಕವೋ, ಹುಟ್ಟು ಚೇಷ್ಟೆಯೋ, ಎರಡೂ ಒಟ್ಟಿಗೇ ಎದ್ದವೋ ತಿಳಿಯದು. ಪಕ್ಕದಲ್ಲಿದ್ದ ನನ್ನ ಮಿಮಿಕ್ರಿ ಮೈಕು ಬಾಯಿಗೆ ಹಿಡಿದು, ನಾಲಿಗೆಯನ್ನು ಅಂಗುಳಿಗೆ ಉಜ್ಜಿ ಗಂಟಲ ಆಳದಿಂದ 'ಗುಂಯ್' ಅಂದೆ.

ಮಾವ ತಿರುಗಲಿಲ್ಲ. "ಇನ್ನೊಂದ್ಸಲ" ಅಂದರು. ಅಂದೆ. ಗೋಡೆ ನೋಡುತ್ತಲೇ ನೋಟ್‌ಬುಕ್ಕಿನಲ್ಲಿ ತೊಂಬತ್ತೆರಡು ಬರೆದು ಕೆಳಗೆ ಎರಡು ಗೆರೆ ಎಳೆದರು. ನಾನು ಬಾಯಿ ತೆರೆದು ನಿಜ ಹೇಳುವಷ್ಟರಲ್ಲಿ ಓಬಯ್ಯನಿಗೆ ಫೋನು ಹೋಗಿತ್ತು.

"ಓಬಣ್ಣ, ಇನ್ಮೇಲೆ ನೀನು ಬಾರ್ಸೋದು ಬ್ಯಾಡ. ಡಬ್ಬೀಲೇ ಐತೆ."

ಆ ಕಡೆಯಿಂದ, "ಆತಪ್ಪ. ಮದ್ವಿಗೆ ಊಟಕ್ಕಾದ್ರೂ ಬರ್ಲಾ?" ಎಂದು ಕೇಳಿಸಿತು. ಈಗ ನಿಜ ಹೇಳಿದರೆ ಇದ್ದ ಎರಡು ಗ್ರೇಸ್ ಮಾರ್ಕ್ಸೂ ಹೋದೀತು ಎಂದು ನಾನು ಮೈಕಿನ ತಂತಿ ಸುತ್ತತೊಡಗಿದೆ.

ಮದುವೆಯ ದಿನ ಬೆಳಿಗ್ಗೆ, ಹತ್ತರ ಬಿಸಿಲು. ಧೂಳಿಗೆ ಡಬ್ಬಿ ಕೆಡುತ್ತದೆ ಎಂದು ತಟ್ಟೆ ಸ್ಟ್ಯಾಂಡಿಗೆ ತಾಡಪಾಲು ಹೊದಿಸಿದ್ದರು. ತಿರುಗಣಿ ನೋಡಿಕೊಳ್ಳಲು ನಾನು ಅದರೊಳಗೆ, ಮೈಕಿನ ಸಮೇತ. ತೂತಿನಿಂದ ನೋಡಿದರೆ ಹಿರಿಯರೆಲ್ಲ ರುಮಾಲು ಸುತ್ತಿ, ಕೈ ಕಟ್ಟಿ, ಗುಂಯ್‌ಗಾಗಿ ಕಾಯುತ್ತಿದ್ದಾರೆ. ಓಬಯ್ಯ ಬೇವಿನ ನೆರಳಲ್ಲಿ ಒಬ್ಬನೇ. ಉರುಮೆಯನ್ನು ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿ ಹಿಡಿದುಕೊಂಡಿದ್ದ. ಊಟಕ್ಕೆ ಬಂದವನು ಉರುಮೆ ಯಾಕೆ ತರುತ್ತಾನೆ ಎಂದು ಯಾರೂ ಕೇಳಲಿಲ್ಲ.

ಮಾವ ಕೀಲಿ ಒತ್ತಿದರು. ಡಬ್ಬಿಯ ದನಿ ಪೂರ್ತಿ ಇಳಿಸಿಟ್ಟಿದ್ದ ನಾನು ಗುಂಯ್ ಅಂದೆ. ಹಿರಿಯರು ಒಬ್ಬರನ್ನೊಬ್ಬರು ನೋಡಿದರು, ಹೆಜ್ಜೆ ಎತ್ತಿದರು. ಮೆರವಣಿಗೆ ಹೊರಟಿತು, ಓಬಯ್ಯ ಎಲ್ಲರ ಹಿಂದೆ. ಒಂದು ಬೀದಿ ಗೆದ್ದೆ. ಎರಡನೆಯ ಬೀದಿಗೆ ನಾಲಿಗೆ ಒಣಗಿ ಚಕ್ಕೆಯಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ತಾಡಪಾಲಿನೊಳಗೆ ಜನರೇಟರಿನ ಹೊಗೆ ನುಗ್ಗಿತು. ಗುಂಯ್, ಗುಂಯ್, ಗುಂ... ಆಕ್ಷೀ!

ಎರಡು ಆಳೆತ್ತರದ ಸ್ಪೀಕರುಗಳಲ್ಲಿ ಉರುಮೆ ಸೀನಿತು. ಮಾವ ಕೀಲಿ ಒತ್ತಿಯೇ ಇದ್ದರು, ಸದ್ದಿಲ್ಲ. ಹಿರಿಯರು ಎತ್ತಿದ ಕಾಲನ್ನು ಇಳಿಸುವುದೋ ಬೇಡವೋ ತಿಳಿಯದೆ ನಿಂತರು. ಒಬ್ಬ ಮುದುಕ ತೆಲುಗು ಬೆರೆಸಿ, "ಏಮಿ ರಾ ಇದಿ, ಡಬ್ಬಿಗೆ ನೆಗಡಿ ಆಗೈತಾ?" ಅಂದ.

ಮಾವ ತಾಡಪಾಲು ಎತ್ತಿದರು. ಮೈಕು ಹಿಡಿದ ನಾನು, ಮೂಗು ಸೋರಿಸಿಕೊಂಡು. ಬೈಗುಳಕ್ಕೆ ಕಿವಿ ಮುಚ್ಚಿಕೊಂಡೆ. ಅವರು ಬೈಯಲಿಲ್ಲ. ಆಟೋದಿಂದ ಇಳಿದು ನೇರ ಓಬಯ್ಯನ ಹತ್ತಿರ ಹೋಗಿ, ಮದುವೆಗೆ ಬಂದ ಅಷ್ಟೂ ಜನರ ಎದುರು ತಲೆ ತಗ್ಗಿಸಿದರು.

"ನಿನ್ನ ಭುಜ ಉಳೀಲಿ ಅಂತ ಮಾಡಿದ್ದು ಕಣಣ್ಣ. ಸದ್ದು ಡಬ್ಬಿಯಿಂದ ಬರ್ಲಿ, ನಿನ್ನ ಪಾಲಿನ ದುಡ್ಡು ಮನೆಗೇ ಬರ್ಲಿ ಅಂತ. ನೀನು ಮಲಕ್ಕಂಡು ಆರಾಮಾಗಿರ್ತೀಯ ಅಂದ್ಕಂಡೆ."

ವಾರವೆಲ್ಲ ನಾನು ಮಾವನ ಬೆನ್ನ ಹಿಂದೆಯೇ ಕೂತಿದ್ದೆ. ಆ ಬೆನ್ನು ಹೊತ್ತದ್ದೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಓಬಯ್ಯ ಬಟ್ಟೆ ಬಿಚ್ಚಿ ಉರುಮೆಯನ್ನು ಕೊರಳಿಗೆ ಏರಿಸಿಕೊಂಡ. ಬಲಗೈ ಅರ್ಧಕ್ಕೆ ನಿಂತಿತು. ಮಾವ ಅವನ ಮೊಣಕೈ ಕೆಳಗೆ ತಮ್ಮ ಕೈ ಕೊಟ್ಟು ಎತ್ತಿ ಹಿಡಿದರು. ಈಗಲೂ ಹಾಗೆಯೇ ನಡೆಯುತ್ತದೆ. ಮೊದಲ ಗುಂಯ್ ಇಬ್ಬರ ಕೈಯಿಂದ, ಮಿಕ್ಕ ಹಾಡೆಲ್ಲ ಡಬ್ಬಿಯಿಂದ. ಬಾರಿಸಬೇಡ ಎಂದು ಮಾವ ಮತ್ತೆ ಹೇಳಲಿಲ್ಲ. ಆವತ್ತು ಕಡ್ಡಿಯನ್ನು ಚರ್ಮಕ್ಕೆ ಆನಿಸುತ್ತಾ ಓಬಯ್ಯ, ಅವರ ಮುಖ ನೋಡದೆ ಕೇಳಿದ್ದು ಇಷ್ಟೇ:

"ಕಂಡಿದ್ದಕ್ಕೆಲ್ಲ ಪರೀಕ್ಷೆ ಮಾಡ್ತೀಯಲ್ಲ, ಮನೇಲಿ ಸುಮ್ನೆ ಕುಂತ್ರೆ ಓಬಯ್ಯ ಎಷ್ಟು ದಿನ ಬದುಕ್ತಾನೆ ಅಂತ ಒಂದಿನ ನೋಡಿದೀಯೇನಲೇ?"